ಹೆಚ್ಚಿಗೆ ಬಂದ ಕಿವಿ ಮಿಷನ್ನು

ಅಂಗಡಿಯಿಂದ,
ಫೆಬ್ರವರಿ ೧೮, ಮಧ್ಯಾಹ್ನ

ಮುದ್ದು ಗುಬ್ಬಿಗೆ ಅಜ್ಜನ ನೆನಪುಗಳು.

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ನರ್ಸ್ ತರಬೇತಿಗೆ ಹೋದವಳು ನೀನೇ ಮೂಗು ಒರೆಸಿಕೊಂಡು ಕೂತರೆ ರೋಗಿಗಳಿಗೆ ಧೈರ್ಯ ಹೇಳುವವರು ಯಾರು? ಹಾಸ್ಟೆಲಿನ ಊಟ ಸೇರದಿದ್ದರೂ ಹೊಟ್ಟೆ ತುಂಬ ತಿನ್ನು, ಇನ್ನೆರಡು ತಿಂಗಳು ತಾನೇ. ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಅಪ್ಪನ ಬೆನ್ನುನೋವು ಆಫೀಸಿಗೆ ರಜೆ ಇದ್ದ ದಿನ ತಾನಾಗಿ ವಾಸಿಯಾಗುತ್ತದೆ. ಈ ಪತ್ರವನ್ನು ಮನೆಯಲ್ಲಿ ಬರೆಯುವಂತಿಲ್ಲ, ಯಾಕೆಂದು ಓದುತ್ತಾ ಗೊತ್ತಾಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಮೂರು ಕೈಗಡಿಯಾರ ಬಿಚ್ಚಿಟ್ಟುಕೊಂಡು ಅವುಗಳ ಮರೆಯಲ್ಲಿ ಬರೆಯುತ್ತಿದ್ದೇನೆ. ಗಿರಾಕಿ ಬಂದರೆ ಕೆಲಸ ಮಾಡುತ್ತಿರುವ ಹಾಗೆ ಕಾಣಬೇಕಲ್ಲ.

ನೀನು ನನಗೆಂದು ಆರ್ಡರ್ ಮಾಡಿದ್ದ ಕಿವಿ ಮಿಷನ್ನು ಬಂತು. ಒಂದಲ್ಲ, ಎರಡು! ಬಿಲ್ಲಿನಲ್ಲಿ ಒಂದೇ, ಪೆಟ್ಟಿಗೆಯಲ್ಲಿ ಅವಳಿ ಮಕ್ಕಳಂತೆ ಎರಡು ಡಬ್ಬಿ. ಅವರ ತಪ್ಪು ನಮ್ಮ ಅದೃಷ್ಟ ಎಂದ ನಿನ್ನ ಅಪ್ಪ. ಮೊದಲು ಫೋನ್ ಮಾಡಿ ಕೇಳೋಣ ಎಂದಳು ನಿನ್ನ ಅಮ್ಮ. ಅಷ್ಟರಲ್ಲಿ ನಿನ್ನ ಅಜ್ಜಿ ಬಂದಳು. ಗೊತ್ತಲ್ಲ, ಮೂವತ್ತು ವರ್ಷ ಲೈಬ್ರರಿಯಲ್ಲಿ ಕೂತು, ಪುಸ್ತಕ ಒಯ್ದು ವಾಪಸ್ ಕೊಡದವರ ಬೆನ್ನು ಹತ್ತಿದವಳು. ನಮ್ಮ ಮದುವೆಗೆ ಬಂದಿದ್ದ ನನ್ನ ಗೆಳೆಯನನ್ನೇ ತಡೆದು ನಿಲ್ಲಿಸಿ, ಪುಸ್ತಕ ಯಾವಾಗ ಕೊಡುತ್ತೀರಿ ಎಂದು ಕೇಳಿದ ಮಹಾತಾಯಿ. "ಕೇಳದೆ ಬಂದದ್ದು ನಮ್ಮದಲ್ಲ" ಅಂದಳು, ಅಲ್ಲಿಗೆ ಮಾತು ಮುಗಿಯಿತು. ಡಬ್ಬಿಯ ಮೇಲೆ "ಬೇರೆಯವರ ವಸ್ತು, ಮುಟ್ಟಬಾರದು" ಎಂದು ಚೀಟಿ ಅಂಟಿಸಿ ಕಪಾಟಿನ ಮೇಲಿಟ್ಟಳು. ನಿನ್ನ ಅಮ್ಮ ಫೋನ್ ಮಾಡಿದಾಗ ಕಳಿಸಿದವರು ತುಂಬ ಸಂಕೋಚಪಟ್ಟುಕೊಂಡರಂತೆ. ಡಬ್ಬಿ ಬಿಚ್ಚದೆ ಇಟ್ಟಿರಿ, ಹತ್ತು ದಿನದೊಳಗೆ ನಮ್ಮವರೇ ಬಂದು ಒಯ್ಯುತ್ತಾರೆ ಎಂದರು.

ಈಗ ನನ್ನ ಮಾನ ಹೋದ ಕಥೆ ಕೇಳು. ಮಿಷನ್ನು ಹಾಕಿಕೊಂಡ ಮೊದಲ ದಿನ ಆರಾಮವಾಗಿ ಚಹಾ ಕುಡಿಯುತ್ತಿದ್ದೆ. ನಡುಮನೆಯ ಗೋಡೆ ಗಡಿಯಾರ ಹನ್ನೊಂದು ಹೊಡೆಯಿತು ನೋಡು, ಸೂರೇ ಕಳಚಿ ತಲೆಯ ಮೇಲೆ ಬಿತ್ತು ಅಂದುಕೊಂಡು ಚಹಾವನ್ನೆಲ್ಲ ತೊಡೆಯ ಮೇಲೆ ಸುರಿದುಕೊಂಡೆ. ಎರಡು ವರ್ಷದ ಹಿಂದೆ ನಿನ್ನ ಅಜ್ಜಿ, ಊರವರ ಗಡಿಯಾರವೆಲ್ಲ ರಿಪೇರಿ ಮಾಡುತ್ತೀರಿ, ನಮ್ಮ ಮನೆಯದೇ ಗಂಟೆ ಹೊಡೆಯುತ್ತಿಲ್ಲ ಎಂದು ಹಂಗಿಸಿದ್ದಳು. ಕಿವಿಗೊಟ್ಟು ನೋಡಿದರೆ ನನಗೂ ಮಂದವಾಗಿಯೇ ಕೇಳಿಸಿತು. ಮೂರು ಸಲ ಬಿಚ್ಚಿ, ಪ್ರತಿ ಸಲವೂ ಗಂಟೆಯ ಸುತ್ತಿಗೆಯನ್ನು ಇನ್ನಷ್ಟು ಜೋರಾಗಿ ಬಡಿಯುವಂತೆ ಬಗ್ಗಿಸಿದ್ದೆ. ಕುರುಡನ ಕೈಯನ್ನು ಕುರುಡ ಹಿಡಿದ ಹಾಗೆ ಕಿವುಡಿಯ ಮಾತನ್ನು ಕಿವುಡ ನಂಬಿದ್ದ! ಯಾಕಮ್ಮ ಹೇಳಲಿಲ್ಲ ಎಂದು ನಿನ್ನ ಅಮ್ಮನನ್ನು ಕೇಳಿದೆ. "ನಿಮಗಿಬ್ಬರಿಗೂ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ, ಮಾವ" ಅಂದಳು. ಮಹಡಿಯ ಮನೆಯಾಕೆ ಎರಡು ವರ್ಷದಿಂದ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದಾಳಂತೆ. ಆ ಹೊತ್ತಿಗೇ ಸುತ್ತಿಗೆಯನ್ನು ಮೊದಲಿನ ಹಾಗೆ ನೆಟ್ಟಗೆ ಮಾಡಿದೆ. ಮರುದಿನ ನಿನ್ನ ಅಜ್ಜಿ, ಗಡಿಯಾರ ಮತ್ತೆ ಕೆಟ್ಟಿದೆ ಎಂದಳು.

ಅವಳ ಕಿವಿಗೇನೂ ಆಗಿಲ್ಲವಂತೆ, ಈಗಿನ ಜನಕ್ಕೆ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲವಂತೆ. ಅಜ್ಜಿ ಯಾಕೆ ಫೋನಿನಲ್ಲಿ ಎರಡೇ ಮಾತಾಡಿ ಅಮ್ಮನ ಕೈಗೆ ಕೊಡುತ್ತಾಳೆ, ನನ್ನ ಮೇಲೆ ಸಿಟ್ಟೇ ಎಂದು ಕೇಳಿದ್ದೆಯಲ್ಲ. ಸಿಟ್ಟಲ್ಲ ಮಗಾ. ನಿನ್ನ ಮಾತು ಅವಳಿಗೆ ಕೇಳಿಸುವುದಿಲ್ಲ. ಹೇಳಿಕೊಳ್ಳಲು ಆಗದೆ, ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋಗುತ್ತಾಳೆ. ಎಷ್ಟೋ ಸಲ ಒಲೆ ಹೊತ್ತಿಸಿಯೇ ಇರುವುದಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಮಿಷನ್ನು ತೆಗೆದಿಟ್ಟು ಮಲಗಿದ್ದೆ. ಎದ್ದು ನೋಡಿದರೆ ಮೇಜಿನ ಮೇಲೆ ಇಲ್ಲ. ನಡುಮನೆಗೆ ಬಂದರೆ, ನನ್ನ ಮಿಷನ್ನನ್ನು ಕಿವಿಗೆ ಹಾಕಿಕೊಂಡು ನಿನ್ನ ಅಜ್ಜಿ ಗಡಿಯಾರದ ಎದುರು ಕುರ್ಚಿ ಎಳೆದುಕೊಂಡು ಕೂತಿದ್ದಾಳೆ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ. ನಾಲ್ಕು ಹೊಡೆಯಿತು. ಕಡೆಯ ಹೊಡೆತ ಅಡಗುವವರೆಗೂ ಕದಲಲಿಲ್ಲ. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ಏನೋ ಅಂದಳು. ನನಗೆ ಕೇಳಲಿಲ್ಲ, ನನ್ನ ಕಿವಿ ಅವಳ ಹತ್ತಿರ ಇತ್ತಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೇಳಿದಳು.

"ರೀ, ಇದನ್ನ ಯಾವಾಗ ರಿಪೇರಿ ಮಾಡಿದ್ರಿ?"

"ನಿನ್ನೆ" ಅಂದೆ.

ಅಷ್ಟು ಬಿಟ್ಟು ಬೇರೇನು ಹೇಳಲಿ? ಅವಳು ಮಿಷನ್ನು ತೆಗೆದು ಸೆರಗಿನಿಂದ ಒರೆಸಿ ಕೊಟ್ಟು, ನಿಮ್ಮದು ಸರಿಯಾಗಿದೆಯೋ ಇಲ್ಲವೋ ಎಂದು ನೋಡಿದೆ ಅಷ್ಟೆ ಎಂದಳು.

ನಿನ್ನೆ ಮಿಷನ್ನು ಕಳಿಸಿದವರ ಕಡೆಯವನು ಬಂದ. ಕಪಾಟಿನಿಂದ ಡಬ್ಬಿ ಇಳಿಸಿ ಕೊಟ್ಟವಳು, ರಸೀದಿಗೆ ಸಹಿ ಹಾಕಿಸಿಕೊಂಡವಳು ಅವಳೇ. ಆದರೆ ಡಬ್ಬಿ ಕೊಡುವಾಗ ಅವಳ ಕೈ ಒಂದು ಗಳಿಗೆ ಅದರ ಮೇಲೆಯೇ ಇತ್ತು. ಐವತ್ತು ವರ್ಷ ಸಣ್ಣ ಮುಳ್ಳುಗಳನ್ನು ನೋಡಿದವನು ನಾನು, ಅಷ್ಟು ಕಾಣುವುದಿಲ್ಲವೇ? ನಿನಗೊಂದು ತೆಗೆಸೋಣವೇ ಎಂದು ಕೇಳಿದೆ. ನನಗ್ಯಾಕೆ, ನನಗೇನಾಗಿದೆ ಎಂದು ಒಳಗೆ ಹೋದಳು.

ಚೆನ್ನಾಗಿ ಓದು, ಚೆನ್ನಾಗಿ ನಿದ್ದೆ ಮಾಡು. ನೀನು ಮುಟ್ಟಿದವರ ನೋವೆಲ್ಲ ಕಡಿಮೆಯಾಗಲಿ.

ನಿನ್ನ,
ಅಜ್ಜ

ತಾ.ಕ.: ಗಿರಾಕಿ ಬಂದಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಅಂಥದೇ ಇನ್ನೊಂದನ್ನು ತರಿಸಿ ನಿನ್ನ ಕಡೆಯಿಂದ ಕಳಿಸು. ತಪ್ಪಿ ಬಂತು ಎಂದರೆ ಮತ್ತೆ ವಾಪಸ್ ಕಳಿಸುತ್ತಾಳೆ, ಉಡುಗೊರೆ ಎಂದರೆ ಬೇಡ ಎನ್ನುತ್ತಾಳೆ. ಅದಕ್ಕೆ ಒಳಗೊಂದು ಚೀಟಿ ಇಡು: "ಎರವಲು ಕೊಟ್ಟಿದೆ. ದಿನವೂ ಬಳಸಿ ನೋಡಿ, ಕೇಳಿದಾಗ ಹಿಂದಿರುಗಿಸಬೇಕು." ಎರವಲು ಎಂದರೆ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡುತ್ತಾಳೆ. ಯಾರೂ ಕೇಳದೇ ಹೋದರೆ ಅದು ಅವಳ ತಪ್ಪಲ್ಲ.

ಗುಬ್ಬೀ, ಇದು ಅಜ್ಜಿ ಬರೆಯುತ್ತಿರುವುದು. ಇವರು ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಈ ಪತ್ರ ಸಿಕ್ಕಿತು. ಬೇರೆಯವರ ವಸ್ತು, ಆದರೂ ಓದಿದೆ. ಗಡಿಯಾರ ಯಾವತ್ತೂ ಕೆಟ್ಟಿರಲಿಲ್ಲ ಎಂದು ಭಾನುವಾರವೇ ತಿಳಿಯಿತು, ಇವರಿಗೆ ಹೇಳಬೇಡ. ಎರವಲು ಬೇಡ, ಚೀಟಿಯೂ ಬೇಡ. ನನ್ನ ಹೆಸರಿಗೇ ತರಿಸು, ಒಂದೇ ಕಳಿಸಲು ಹೇಳು. ಅದು ಬಂದ ದಿನ ಸಂಜೆ ಫೋನ್ ಮಾಡು. ಯಾರ ಕೈಗೂ ಕೊಡುವುದಿಲ್ಲ.