ತವರಿನ ಫಂಡು

ಕೊಳಕೂರ, ಜೇವರ್ಗಿ ತಾಲೂಕು
ಶ್ರಾವಣ ಸೋಮವಾರ, ೧೨ ಆಗಸ್ಟ್ ೨೦೨೪

ಸೌಭಾಗ್ಯವತಿ ಸುಭದ್ರಾಬಾಯಿಗೆ ಕಲ್ಯಾಣಪ್ಪನ ಶರಣು.

ನಿನ್ನ ಮೊಣಕಾಲು ಹೇಗಿದೆ? ಆಳಂದದ ಆ ಮನೆಯ ಮೆಟ್ಟಿಲು ಬಹಳ ಕಡಿದಾಗಿವೆ, ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡ. ನಮ್ಮ ಬಾಣಂತಿ ಮಗಳು ಸುನಿತಾ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ? ಮೊಮ್ಮಗಳಿಗೆ ಎರೆಯುವಾಗ ಅವಳು ಓಣಿಗೆಲ್ಲ ಕೇಳುವಂತೆ ಅಳುತ್ತಾಳೆ ಎಂದು ಅಳಿಯ ಹೇಳಿದ. ಅಳಲಿ ಬಿಡು, ಆ ಗಂಟಲು ನಿನ್ನ ಕಡೆಯಿಂದಲೇ ಬಂದದ್ದು. ನಾನು ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ನೀನೇ ಕಾರಣ. "ಫೋನಿನ್ಯಾಗ ಊಟ ಆತೇನು ಅನ್ನೋದು ಬಿಟ್ರ ಮತ್ತೇನು ಮಾತಾಡ್ತೀರಿ? ಮ್ಯಾಲ ಕೂಸು ಬ್ಯಾರೆ ಏಳ್ತದ. ಹೇಳೂದಿದ್ರ ಬರೀರಿ" ಎಂದೆಯಲ್ಲ. ಈಗ ಹೇಳುವುದಿದೆ, ಅದೂ ಬಹಳ ಇದೆ. ಕಾಗದ ಹಿಡಿದು ನೆಮ್ಮದಿಯಾಗಿ ಕೂತುಕೋ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಮೊನ್ನೆ ರೊಟ್ಟಿ ಬಡಿಯಲು ಹೋಗಿ ಭಾರತದ ನಕಾಶೆ ಮಾಡಿದೆ, ಕಾಶ್ಮೀರ ಹಂಚಿಗೆ ಅಂಟಿಕೊಂಡಿತು. ಉಳಿದದ್ದನ್ನು ಹಾಲಿನಲ್ಲಿ ನೆನೆಸಿ ತಿಂದೆ. ತಿನ್ನುತ್ತ ನಿನ್ನ ಖಾನಾವಳಿಯ ನೆನಪಾಯಿತು. ಜೇವರ್ಗಿ ಬಸ್ ನಿಲ್ದಾಣದ ಹತ್ತಿರ ವಿಜಯಪುರ ರಸ್ತೆಗೆ ಮುಖ ಮಾಡಿ ಒಂದು ರೊಟ್ಟಿ ಖಾನಾವಳಿ ಹಾಕಬೇಕು, ಲಾರಿಯವರು, ಕಚೇರಿಗೆ ಬಂದವರು ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು ಹೋಗಬೇಕು ಎಂದು ನೀನು ಹೇಳುತ್ತಲೇ ಬಂದಿದ್ದೀ. ನಾನೂ ಹೂಂ ಅನ್ನುತ್ತಲೇ ಬಂದಿದ್ದೇನೆ. ಅದಕ್ಕೆ ಬೇಕಾದ ರೊಕ್ಕ ಮ್ಯೂಚುವಲ್ ಫಂಡಿನಲ್ಲಿದೆ, ಫಂಡು ಇನ್ನೊಂದಿಷ್ಟು ಏಳಲಿ, ಆಮೇಲೆ ತೆಗೆದರಾಯಿತು ಎಂದು ಪ್ರತಿ ವರ್ಷ ಮುಂದೂಡಿದೆವು. ಅದು ಏಳಲಿಲ್ಲ. ತೊಗರಿಗೆ ಬಂಗಾರದ ಬೆಲೆ ಬಂದ ವರ್ಷ ನಿನ್ನ ತಮ್ಮ ಸುನೀಲಕುಮಾರನ ಕೈಯಲ್ಲಿ ಕೊಟ್ಟು ಹಾಕಿಸಿದ ರೊಕ್ಕ ಅದು. ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿದ್ದರೂ ಇದಕ್ಕಿಂತ ಹೆಚ್ಚು ಬೆಳೆಯುತ್ತಿತ್ತು.

ಇದು ನನಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡ. ತೊಗರಿ ಮಾರುವಾಗ ಮೂವರು ದಲಾಲರ ಬಾಯಿ ನೋಡದೆ ಚೀಲ ಬಿಚ್ಚದ ಮನುಷ್ಯ ನಾನು. ಆದರೆ ಫಂಡಿನ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ, ಯಾಕೆಂದರೆ ಅದು ನಿನ್ನ ತವರಿನ ಕೈಯಿಂದ ಬಂದದ್ದು. ನಿಮ್ಮವ್ವ ಕೊಟ್ಟ ಎಮ್ಮೆಯ ನೆನಪಿದೆಯಲ್ಲ? ಹಾಲು ಒಂದು ಚೆರಿಗೆಯೂ ಇಲ್ಲ, ಒದೆ ಮಾತ್ರ ಎರಡು ಹೊತ್ತೂ ತಪ್ಪುತ್ತಿರಲಿಲ್ಲ. ತವರಿನ ಎಮ್ಮೆ ಮಾರಿದರೆ ಸೊಸೆಯ ಮನಸ್ಸು ಮುರಿಯುತ್ತದೆ ಎಂದು ನಮ್ಮವ್ವ ಅದು ಸಾಯುವತನಕ ಹಿಂಡಿ ತಿನ್ನಿಸಿದಳು. ದಾನದ ಎತ್ತಿನ ಹಲ್ಲು ಎಣಿಸಬಾರದು ಅನ್ನುತ್ತಾರೆ, ನಾನು ಫಂಡಿನ ಹಲ್ಲನ್ನೂ ಎಣಿಸಲಿಲ್ಲ. ಅದರ ಮೇಲೆ ಸುನೀಲ ಪ್ರತಿ ಪಂಚಮಿಗೆ ಉಂಡಿಯ ಡಬ್ಬಿ, ನಿನಗೊಂದು ಸೀರೆ ಹಿಡಿದು ಬರುತ್ತಾನೆ. ಬಾಯಲ್ಲಿ ಅವನ ಶೇಂಗಾ ಉಂಡಿ ಇಟ್ಟುಕೊಂಡು ನಿನ್ನ ಫಂಡು ಕೆಟ್ಟದ್ದು ಎಂದು ಯಾವ ಬಾಯಿಂದ ಹೇಳಲಿ?

ನೀನು ಆಳಂದಕ್ಕೆ ಹೋದ ಮೇಲೆ ಮನೆ ಬಿಕೋ ಅನ್ನತೊಡಗಿತು, ತಲೆಯಲ್ಲಿ ಇದೇ ಕೊರೆಯತೊಡಗಿತು. ಹೋದ ವಾರ ಜೇವರ್ಗಿಗೆ ಹೋದವನು ಗೊಬ್ಬರದಂಗಡಿಯ ಮೇಲಿನ ಗೌಸಿಯಾಬೇಗಂಳ ಕಚೇರಿಗೆ ಹತ್ತಿದೆ. ಸುನಿತಾಳ ಸಂಗಡ ಕಾಲೇಜಿನಲ್ಲಿ ಓದಿದವಳು, ಈಗ ರೊಕ್ಕ ಎಲ್ಲಿ ಇಡಬೇಕು ಎಂದು ಸಲಹೆ ಕೊಡುವ ಪರವಾನಗಿ ಪಡೆದಿದ್ದಾಳೆ. ಚಹಾ ತರಿಸಿ ಚೆನ್ನಾಗಿ ಮಾತಾಡಿದಳು. ಆಮೇಲೆ ಫೀಸು ಹೇಳಿದಳು ನೋಡು, ಕೈಯಲ್ಲಿದ್ದ ಬಸಿ ಕೆಳಗಿಟ್ಟೆ. ಏನೂ ಮಾರದೆ ಬರೀ ಮಾತಾಡುವುದಕ್ಕೂ ಫೀಸೇ ಎಂದು ಚೌಕಾಶಿಗೆ ಇಳಿದೆ. ಅವಳು ನಕ್ಕು, "ಚಾಚಾ, ನೀವು ಫೀಸ್ ಕೊಟ್ರ ನಾ ನಿಮ್ಮ ಕಡಿ ಮಾತಾಡ್ತೀನ್ರಿ. ಪುಕ್ಕಟ ಹೇಳೋರು ತಮಗ ರೊಕ್ಕ ಕೊಡೋರ ಕಡಿ ಮಾತಾಡ್ತಾರ್ರಿ" ಎಂದಳು. ನನಗೆ ಅಡತಿ ಅಂಗಡಿಯ ದಲಾಲರ ನೆನಪಾಯಿತು, ಫೀಸು ಕೊಟ್ಟೆ.

ಇಷ್ಟು ಕೆಟ್ಟ ಫಂಡು ಇನ್ನೂ ಹೇಗೆ ಬದುಕಿದೆ, ಯಾರಾದರೂ ಮುಚ್ಚಬಾರದೇ ಎಂದು ಕೇಳಿದೆ. ಮುಚ್ಚುವುದೇಕೆ ಎಂದು ಅವಳೇ ತಿರುಗಿ ಕೇಳಿದಳು. ಫಂಡು ಏರಲಿ, ಇಳಿಯಲಿ, ನಡೆಸುವವರು ನಮ್ಮ ಗಂಟಿನಿಂದ ವರ್ಷವರ್ಷ ತಮ್ಮ ಪಾಲು ಮುರಿದುಕೊಳ್ಳುತ್ತಾರಂತೆ. ನನ್ನಂಥವರು ನಾಳೆ ಏರೀತು, ನಾಡಿದ್ದು ಏರೀತು ಎಂದು ಕೂತಿರುವತನಕ ಅದಕ್ಕೆ ಸಾವಿಲ್ಲ. ತೀರಾ ಹೆಸರು ಕೆಟ್ಟರೆ ಇನ್ನೊಂದು ಫಂಡಿನಲ್ಲಿ ಕೂಡಿಸಿಬಿಡುತ್ತಾರೆ, ಹಳೆಯ ಹೆಸರಿನ ಸಂಗಡ ಹಳೆಯ ಸೋಲೂ ಜನರಿಗೆ ಮರೆತುಹೋಗುತ್ತದೆ. ಅಫಜಲಪುರದ ದನದ ಸಂತೆಯಲ್ಲಿ ಮುದಿ ಎತ್ತಿನ ಕೋಡು ಹೆರೆದು ಎಣ್ಣೆ ಹಚ್ಚಿ ನಿಲ್ಲಿಸುತ್ತಾರಲ್ಲ, ಹಾಗೆ. ಖಾನಾವಳಿಗೆ ಬೇಕಾದಷ್ಟನ್ನು ತೆಗೆದು ಬ್ಯಾಂಕಿನಲ್ಲಿಡಿ, ಬೇಗನೆ ಬೇಕಾಗುವ ರೊಕ್ಕ ಶೇರು ಮಾರುಕಟ್ಟೆಯಲ್ಲಿ ಕುಣಿಯಬಾರದು ಎಂದಳು. ಉಳಿದದ್ದಕ್ಕೆ ಮಾರುಕಟ್ಟೆಯ ಸಂಗಡ ಸುಮ್ಮನೆ ನಡೆಯುವ, ಕಡಿಮೆ ಖರ್ಚಿನ ಫಂಡೊಂದನ್ನು ಹೇಳಿದಳು. ಅದೂ ಇಳಿಯಬಹುದು, ನಾನು ಜಾಮೀನಲ್ಲ ಎಂದೂ ಸೇರಿಸಿದಳು. ಪ್ರತಿ ತಿಂಗಳು ಬರಬೇಕೇ ಎಂದರೆ, ಬರಬೇಡಿ, ಮನೆಯಲ್ಲಿ ಏನಾದರೂ ದೊಡ್ಡದು ಬದಲಾದರೆ ಮಾತ್ರ ಬನ್ನಿ ಎಂದಳು. ಮತ್ತೆ ಬರಬೇಡ ಎನ್ನುವವಳಿಗೆ ಫೀಸು ಕೊಟ್ಟದ್ದಕ್ಕೆ ನನಗೆ ಖುಷಿಯೇ ಆಯಿತು.

ಇನ್ನು ಉಳಿದದ್ದು ಸುನೀಲನಿಗೆ ಹೇಳುವುದು. ಅಕ್ಕ ಇರಲಿ ಬಿಡಲಿ, ಪಂಚಮಿ ಉಂಡಿ ಅಕ್ಕನ ಮನೆಗೆ ಮುಟ್ಟಬೇಕು ಎಂದು ಅವನು ನಿನ್ನೆ ಅಫಜಲಪುರದಿಂದ ಬಂದ. ಈ ಸಲ ಉಂಡಿ ಮುಟ್ಟುವ ಮೊದಲೇ ಹೇಳಿಬಿಡಬೇಕು ಎಂದು ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟು ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಸಿಟ್ಟಾಗುತ್ತಾನೆ, ಎದ್ದು ಹೋಗುತ್ತಾನೆ, ನೀನು ನನ್ನ ಸಂಗಡ ಮಾತು ಬಿಡುತ್ತೀ ಎಂದು ಹೆದರಿದ್ದೆ. ಅವನೋ ಎರಡೂ ಕೈಯಿಂದ ಮುಖ ಒರೆಸಿಕೊಂಡು ನಕ್ಕ. "ಮಾಮಾ, ನಂದೂ ಅದರಾಗೇ ಕೊಳ್ಯಾಕತ್ತದ್ರಿ. ಅಕ್ಕನ ರೊಕ್ಕ ಅಲ್ಲೇ ಬಿಟ್ಟು ನಂದಷ್ಟೇ ಹ್ಯಾಂಗ ತಗೀಲಿ? ನಿಮಗ ಅದರ ಮ್ಯಾಲ ಭಾಳ ಪಿರೂತಿ ಅದ ಅಂತ ತಿಳದಿದ್ನಿ" ಎಂದ. ಅಷ್ಟೇ ಅಲ್ಲ. ನೀನೂ ಹೋದ ವರ್ಷ ಅವನ ಕಿವಿಯಲ್ಲಿ "ಫಂಡು ಕುಂಟಾಕತ್ತದ ತಮ್ಮಾ, ಆದ್ರ ಅವರಿಗಿ ಹೇಳಬ್ಯಾಡ, ತೊಗರಿ ರೊಕ್ಕ ಫಂಡಿಗಿ ಹಾಕೀನಿ ಅಂತ ಮೀಸಿ ತಿರುವತಾರ" ಎಂದಿದ್ದೆಯಂತೆ. ಅಯ್ಯ ಪುಣ್ಯಾತ್ಗಿತ್ತಿ. ನಿನಗಾಗಿ ನಾನು, ನನಗಾಗಿ ನೀನು, ಇಬ್ಬರಿಗಾಗಿ ಅವನು. ಹೀಗೆ ಮೂವರೂ ಸೇರಿ ಆ ಫಂಡಿಗೆ ಹಿಂಡಿ ತಿನ್ನಿಸಿದೆವು.

ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು ಬಂತು. ಆಗ ಅವನು ಇನ್ನೊಂದು ಮಾತು ಹೇಳಿದ. ನಾವು ಫಂಡಿನಲ್ಲಿ ಇರುವತನಕ ಮಾಡಿಸಿಕೊಟ್ಟವನೆಂದು ಅವನಿಗೆ ವರ್ಷವರ್ಷ ಒಂದಿಷ್ಟು ಕಮಿಷನ್ ಬರುತ್ತಿತ್ತಂತೆ. "ಆ ರೊಕ್ಕ ನಾ ಮುಟ್ಟಿಲ್ರಿ ಮಾಮಾ, ಅಕ್ಕಗ ಪಂಚಮಿ ಸೀರಿ ತರ್ತಿದ್ನಿ" ಎಂದು ತಲೆ ತಗ್ಗಿಸಿದ. ಕೇಳಿದೆಯಾ? ನನ್ನ ತಮ್ಮನಂಥ ತಮ್ಮ ಊರಿಗೇ ಇಲ್ಲ ಎಂದು ನೀನು ಓಣಿತುಂಬ ಉಟ್ಟು ತೋರಿಸಿದ ಇಳಕಲ್ಲ ಸೀರೆಗಳೆಲ್ಲ ನನ್ನ ತೊಗರಿಯವೇ. ಆದರೂ ಊರಿಗೇ ಇಲ್ಲದ ತಮ್ಮ ಎಂಬ ಮಾತು ಸುಳ್ಳಲ್ಲ. ಡಬ್ಬಿ ಇಳಿಸಿ ಇಬ್ಬರೂ ಉಂಡಿ ತಿಂದೆವು, ನಿನಗೂ ಸುನಿತಾಳಿಗೂ ಎತ್ತಿಟ್ಟಿದ್ದೇನೆ.

ಸುನಿತಾಳಿಗೆ ಆಶೀರ್ವಾದ, ಅಳಿಯನಿಗೆ ಶರಣು, ಮೊಮ್ಮಗಳ ಅಂಗಾಲಿಗೆ ಅಜ್ಜನದೊಂದು ಮುತ್ತು. ಬಸವಣ್ಣ ನಿಮ್ಮೆಲ್ಲರನ್ನೂ ತಂಪಾಗಿಟ್ಟಿರಲಿ.

ನಿನ್ನ
ಕಲ್ಯಾಣಪ್ಪ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟೆ. ಫಂಡು ಇಬ್ಬರ ಹೆಸರಿನಲ್ಲಿದೆ, ತೆಗೆಯಲು ಇಬ್ಬರ ಸಹಿಯೂ ಬೇಕು. ನನ್ನದು ಹಾಕಿ ಅರ್ಜಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಬಸ್ ನಿಲ್ದಾಣದ ಎದುರಿನ ಮಳಿಗೆ ಖಾಲಿ ಇದೆ, ಒಳಗೆ ಹೋಗಿ ನೋಡಿದೆ, ಎರಡು ಒಲೆ ಹೂಡುವಷ್ಟು ಜಾಗವಿದೆ. ನಿನ್ನ ಹೂಂ ಬರುವತನಕ ಯಾರಿಗೂ ಕೊಡಬೇಡ ಎಂದು ಮಾಲೀಕನಿಗೆ ಹೇಳಿ ಬಂದಿದ್ದೇನೆ. ಸಹಿ ಹಾಕುವ ಮೊದಲು ಒಂದು ತಿಳಿದುಕೋ: ಫಂಡು ಹೋದರೆ ತಮ್ಮನ ಕಮಿಷನ್ನೂ ಹೋಯಿತು, ಮುಂದಿನ ಪಂಚಮಿಗೆ ಅವನಿಂದ ಉಂಡಿ ಮಾತ್ರ. ಸೀರೆ ನಾನು ತರುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅಂಗಡಿಗೆ ಹೋಗಿ ನಿನಗೆ ಸೀರೆ ಆರಿಸಿದವನಲ್ಲ, ಅದಕ್ಕೆ ಸಹಿಯ ಪಕ್ಕದಲ್ಲಿ ನಿನಗೆ ಯಾವ ಬಣ್ಣ ಬೇಕು ಎಂದು ಬರೆ.