ವರಲಕ್ಷ್ಮಮ್ಮನ ಬಾಯಲ್ಲಿ ಬಂದ ಮಾತು

ಸಮೇತನಹಳ್ಳಿ
9-6-2024

ನನ್ನ ಮುದ್ದು ಕೀರ್ತನಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಮಧುರೆಯಲ್ಲಿ ನಿನ್ನ ಅಪ್ಪ ಅಮ್ಮ ಚೆನ್ನಾಗಿದ್ದಾರೆ ತಾನೆ? ನಾನು ಹುಷಾರಾಗಿದ್ದೇನೆ, ಮಂಡಿನೋವು ಮಾತ್ರ ಇದ್ದದ್ದೇ. ಕೆಂಪು ಹಸು ಹೆಣ್ಣುಕರು ಹಾಕಿದೆ. ಗಿಣ್ಣು ಮಾಡಿದಾಗ ಅಭ್ಯಾಸಬಲದಿಂದ ನಿನಗೂ ಒಂದು ಬಟ್ಟಲು ಎತ್ತಿಟ್ಟೆ. ಆಮೇಲೆ ನಾನೇ ತಿಂದೆ.

ಮನೋಹರನ ಮನೆಯವರು ಸಂಬಂಧಕ್ಕೆ ಒಪ್ಪಿದ್ದನ್ನು ನಿಮ್ಮಪ್ಪ ತಿಳಿಸಿದರು. ಆದರೆ ನೀನು ಇನ್ನೊಂದು ಸಲ ಅನುಗೊಂಡನಹಳ್ಳಿಗೆ ಹೋಗಿ, ವರಲಕ್ಷ್ಮಮ್ಮನ ಮೈಮೇಲೆ ತೀರಿಹೋದ ನಮ್ಮ ದೇವೇಂದ್ರನನ್ನು ಕರೆಸಿ, ಅವನ ಅಪ್ಪಣೆ ಕೇಳದೆ ಹಸೆಮಣೆ ಏರುವುದಿಲ್ಲ ಎಂದೆಯಂತೆ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ಬರಲಿಲ್ಲ.

ನನ್ನ ಮಗ ಹೋಗಿ ಮೂರು ವರ್ಷ. ಅವತ್ತು ಬೆಳಿಗ್ಗೆ ನಿನ್ನೊಡನೆ ಜಗಳವಾಡಿಕೊಂಡೇ ಗಾಡಿ ಹತ್ತಿದ. ಹೊಸಕೋಟೆ ರಸ್ತೆಯಲ್ಲಿ ಲಾರಿ ಹೊಡೆಯಿತು. ಹೋದ ತಿಂಗಳು ವರಲಕ್ಷ್ಮಮ್ಮನ ಮುಂದೆ ಕೂತು ನೀನು ಕೇಳಿದ್ದು ಒಂದೇ ಮಾತು: "ನನ್ ಮೇಲೆ ಇನ್ನೂ ಕೋಪಾನಾ?" ಆಕೆ ಕಣ್ಣು ಮುಚ್ಚಿ, ದನಿ ದಪ್ಪ ಮಾಡಿ, "ಕೋಪ ಇಲ್ಲ ಕಣೆ. ನೀನು ಇನ್ನೊಂದ್ ಮದ್ವೆ ಆಗು" ಎಂದಳು. ನೀನು ನನ್ನ ಮಡಿಲಲ್ಲಿ ಬಿದ್ದು ಬಿಕ್ಕಿ ಅತ್ತುಬಿಟ್ಟೆ.

ಕೀರ್ತನಾ, ಆ ಮಾತು ನನ್ನದು. ಹಿಂದಿನ ದಿನ ನಾನೊಬ್ಬಳೇ ಬಸ್ಸಿನಲ್ಲಿ ಹೋಗಿ ಆಕೆಯ ಕೈ ಹಿಡಿದು ಬೇಡಿಕೊಂಡಿದ್ದೆ. "ಸತ್ತೋರ ಬಾಯಿಗೆ ಮಾತು ತುಂಬಬಾರ್ದು ಬೈರಮ್ಮ. ನೀನೇ ಹೇಳ್ಬಾರ್ದಾ?" ಎಂದು ಆಕೆ ಬಹಳ ಹೊತ್ತು ಒಪ್ಪಲಿಲ್ಲ. ನನಗೆ ಧೈರ್ಯವಿರಲಿಲ್ಲ. ಸೊಸೆಗೆ ಮದುವೆ ಮಾಡಿಸಲು ಹೊರಟಳೆಂದು ನೆಂಟರು ಆಡಿಕೊಳ್ಳುವ ಭಯ ಒಂದು ಕಡೆ. ನೀನೂ ಹೋದರೆ ನಾನು ಯಾರೊಡನೆ ಮಾತಾಡಲಿ ಎಂಬ ಸ್ವಾರ್ಥ ಇನ್ನೊಂದು ಕಡೆ. ಈಗ ನನ್ನ ಬಾಯಿಂದಲೇ ಹೇಳುತ್ತಿದ್ದೇನೆ, ಮದುವೆಯಾಗು ಮಗಳೇ. ಯಾರು ಏನೇ ಅನ್ನಲಿ, ಧಾರೆಯ ಹೊತ್ತಿಗೆ ನಾನು ಬಂದು ನಿನ್ನ ಪಕ್ಕ ನಿಲ್ಲುತ್ತೇನೆ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಬಾಳು ತಂಪಾಗಿರಲಿ.

ನಿನ್ನ ಅತ್ತೆ,
ಬೈರಮ್ಮ

ತಾ.ಕ.: ಇನ್ನೊಂದು ಮಾತಿದೆ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಮುಚ್ಚಿಟ್ಟಿದ್ದೆ. ಅವತ್ತು ದಾರಿಯಲ್ಲಿ ಟೀ ಅಂಗಡಿಯಿಂದ ದೇವೇಂದ್ರ ನನಗೆ ಫೋನ್ ಮಾಡಿದ್ದ. "ಅವ್ವಾ, ಸಿಟ್ಟಲ್ಲಿ ಏನೇನೋ ಅಂದ್ಬಿಟ್ಟೆ. ಅವ್ಳು ತಿಂಡಿ ತಿಂದ್ಲಾ ನೋಡು" ಎಂದ. ನಿನ್ನಿಂದಲೇ ಅವನು ಹೋದನೆಂಬ ಕೋಪದಲ್ಲಿ ಅದನ್ನು ನಿನಗೆ ಹೇಳಲಿಲ್ಲ. ಈ ಮಾತು ಅವನ ದನಿಯಲ್ಲೇ ನಾನು ಕೇಳಿದ್ದು. ನೀನು ನನ್ನನ್ನು ಕ್ಷಮಿಸಿದರೂ ಸರಿ, ಬಿಟ್ಟರೂ ಸರಿ. ಇದು ನಿನಗೆ ಸೇರಬೇಕಾದದ್ದು.