ಎಫ್ ಫೋರ್ ಒತ್ತಿದರೆ ಬರುವ ಪದ

ಮಾರ್ಚ್ ೪
ಮೂವತ್ತೊಂದು ರಿಪೋರ್ಟ್. ಬೆರಳೆಲ್ಲ ಮರಗಟ್ಟಿವೆ. ಡಾಕ್ಟರ್ ಸ್ಕ್ಯಾನ್ ನೋಡುತ್ತಾ ರೆಕಾರ್ಡರಿಗೆ ಹೇಳುವುದು, ನಾನು ಹೆಡ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡುವುದು. ಮುಖ್ಯವಾದದ್ದನ್ನಷ್ಟೇ ಹೇಳುತ್ತಾರೆ. ದನಿ ನಿಂತಿತೋ, ಕೀಬೋರ್ಡಿನ ಎಫ್ ಫೋರ್ ಒತ್ತುವುದು. ಕೊನೆಯ ಸಾಲು ತಾನಾಗಿ ಬಂದು ಕೂರುತ್ತದೆ — ಉಳಿದದ್ದೆಲ್ಲ ಇನ್‌ಸಿಗ್ನಿಫಿಕೆಂಟ್. ನನ್ನದೇ ಐಡಿಯಾ. ಸಿಕ್ಕಾಪಟ್ಟೆ ಟೈಮ್ ಉಳಿಯುತ್ತೆ.

ಅತ್ತೆ ಕೇಳಿದರು, "ದಿನಾ ಅದೇನೋ ಉದ್ದದ ಪದ ಹೊಡೀತೀನಿ ಅಂತೀಯಲ್ಲ, ಹಾಗಂದ್ರೇನೇ?"
"ಲೆಕ್ಕಕ್ಕಿಲ್ಲದ್ದು ಅಂತ ಅತ್ತೆ."
"ಓಹೋ, ಈ ಮನೇಲಿ ನನ್ನ ಮಾತಿದ್ದ ಹಾಗೆ!"
ನಕ್ಕೂ ನಕ್ಕೂ ಸಾಕಾಯಿತು.

ಮಾರ್ಚ್ ೬
ನಮ್ಮ ಬೀದಿಯ ಟೈಲರಣ್ಣ ಎದೆಯ ಸ್ಕ್ಯಾನ್ ರಿಪೋರ್ಟ್ ತಗೊಂಡು ಹೋಗಲು ಬಂದಿದ್ದ. ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ಇದೇನು ಮೇಡಮ್ಮಾ, ರೈಲು ಬೋಗಿ ಹಾಗೆ?"
"ಲೆಕ್ಕಕ್ಕೇ ಇಲ್ಲದ್ದು ಅಂತ ಅಣ್ಣಾ. ಆರಾಮಾಗಿರಿ."
ಆ ಮುಖ ನೋಡಬೇಕಿತ್ತು. ಕಾಗದವನ್ನು ಎದೆಗೊತ್ತಿಕೊಂಡು ಹೋದ. ನನಗೂ ಖುಷಿ.

ಆಗಸ್ಟ್ ೧೮
ಮಗಳ ಯೂನಿಫಾರಂ ಉದ್ದ ಬಿಡಿಸಲು ಅಂಗಡಿಗೆ ಹೋಗಿದ್ದೆ. ಟೈಲರಣ್ಣ ಸೊರಗಿಹೋಗಿದ್ದಾನೆ. ಮಷೀನ್ ತುಳಿಯುತ್ತಲೇ ಕೆಮ್ಮು, ನಿಲ್ಲುತ್ತಿಲ್ಲ.
"ತೋರಿಸ್ಲಿಲ್ವಾ ಅಣ್ಣಾ?"
"ಯಾಕೆ? ನೀವೇ ಹೇಳಿದ್ರಲ್ಲ ಮೇಡಮ್ಮಾ. ಇದು ಲೆಕ್ಕಕ್ಕಿಲ್ಲದ ಕೆಮ್ಮು!"
ನಗಲು ಹೋಗಿ ಮತ್ತೆ ಕೆಮ್ಮಿದ. ಅವತ್ತು ಆ ಪದ ಡಾಕ್ಟರ್ ಹೇಳಿದ್ದರಾ, ಇಲ್ಲಾ ನಾನೇ ಒತ್ತಿದ್ದಾ? ನೆನಪೇ ಆಗುತ್ತಿಲ್ಲ.

ಆಗಸ್ಟ್ ೧೯, ಮಧ್ಯಾಹ್ನ ೧.೧೫
ಎಲ್ಲರೂ ಊಟಕ್ಕೆ ಹೋದರು. ಟೈಲರಣ್ಣನ ಹಳೆಯ ರೆಕಾರ್ಡಿಂಗ್ ಹುಡುಕಿದೆ. ಇದೆ. ಹೃದಯ ಸರಿ, ಪಕ್ಕೆಲುಬು ಸರಿ. ಆಮೇಲೆ ಫೋನ್ ರಿಂಗಾಗುತ್ತದೆ, ಕುರ್ಚಿ ಸರಿಯುತ್ತದೆ, ಮೌನ. ಅವತ್ತು ಇಲ್ಲೇ ಒತ್ತಿದ್ದೇನೆ. ಇಲ್ಲೇ ಹೆಡ್‌ಫೋನ್ ತೆಗೆದಿದ್ದೇನೆ. ಇವತ್ತು ತೆಗೆಯಲಿಲ್ಲ. ನಲವತ್ತು ಸೆಕೆಂಡ್. ಮತ್ತೆ ಡಾಕ್ಟರ್ ದನಿ — ಎಡ ಶ್ವಾಸಕೋಶದಲ್ಲಿ ಸಣ್ಣ ಗಂಟು, ಆರು ಮಿಲಿಮೀಟರ್, ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್.

ಐದು ತಿಂಗಳು ದಾಟಿದೆ.

ಅಯ್ಯೋ ದೇವರೇ.

ಆಗಸ್ಟ್ ೨೩
ನಾಲ್ಕು ದಿನ ಏನೂ ಬರೆದಿಲ್ಲ. ಯಾರಿಗೂ ಹೇಳಿಯೂ ಇಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿದೆ. ಆರು ತಿಂಗಳಾದರೆ ರೆಕಾರ್ಡಿಂಗ್ ತಾನೇ ಅಳಿಸಿಹೋಗುತ್ತದೆ. ಇನ್ನು ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದರೆ... ಥೂ, ಎಂಥ ಯೋಚನೆ ನನ್ನದು. ಟೈಲರಂಗಡಿ ತಪ್ಪಿಸಲು ಹಿಂದಿನ ರಸ್ತೆ ಸುತ್ತಿ ಬರುತ್ತಿದ್ದೇನೆ. ಅತ್ತೆ ತಟ್ಟೆ ನೋಡಿ, "ಏನೇ ಆಯ್ತು ನಿಂಗೆ?" ಅಂದರು.
"ಏನಿಲ್ಲ ಅತ್ತೆ."
"ಏನಿಲ್ಲ ಅನ್ನೋ ಮುಖ ಅಲ್ಲ ಇದು."

ಆಗಸ್ಟ್ ೨೪
ಡಾಕ್ಟರಿಗೆ ಹೇಳಿಬಿಟ್ಟೆ. ರೆಕಾರ್ಡಿಂಗ್ ಕೇಳಿಸಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದಿಟ್ಟು, ಇನ್ನೊಮ್ಮೆ ಮೊದಲಿನಿಂದ ಕೇಳಿದರು. ಅದು ಇನ್ನೂ ಕಷ್ಟ.

"ಇನ್‌ಸಿಗ್ನಿಫಿಕೆಂಟ್ ಅಂದ್ರೆ ಏನೂ ಇಲ್ಲ ಅಂತಲ್ಲಮ್ಮ. ಇದೆ, ನೋಡಿದೀನಿ, ಅಳೆದಿದೀನಿ, ಹೆದರೋ ಅಂಥದ್ದಲ್ಲ ಅಂತ. ನೋಡ್ದೇ ಬರಿಯೋ ಪದ ಅಲ್ಲ ಅದು."
ತಲೆ ತಗ್ಗಿಸಿದೆ.
"ಓದ್ದೇ ಸೈನ್ ಹಾಕಿದ್ದು ನಾನು. ಮೊದ್ಲು ಅವ್ರನ್ನ ಕರ್ಸು. ಬಾಕಿದು ಆಮೇಲೆ."

ಕೆಲಸ ಹೋಗುತ್ತದೋ ಏನೋ. ಸಂಜೆ ನೇರ ಅಂಗಡಿಗೇ ಹೋದೆ. "ಇನ್ನೊಂದು ಸ್ಕ್ಯಾನ್ ಮಾಡ್ಬೇಕಂತೆ ಅಣ್ಣಾ, ನಾಳೆನೇ ಬನ್ನಿ." ಯಾಕೆ ಅಂತಲೂ ಕೇಳಲಿಲ್ಲ. "ನೀವು ಹೇಳಿದ್ಮೇಲೆ ಮುಗೀತು" ಅಂದ. ತಪ್ಪು ನನ್ನದು ಅನ್ನಲು ಬಾಯೇ ಬರಲಿಲ್ಲ. ಹೇಡಿ.

ಆಗಸ್ಟ್ ೨೫
ಸ್ಕ್ಯಾನ್ ಆಯಿತು. ಇವತ್ತು ಡಾಕ್ಟರ್ ಪಕ್ಕದಲ್ಲೇ ಕೂತು ಹೇಳಿದರು. ಎಡ ಶ್ವಾಸಕೋಶದ ಗಂಟು, ಹದಿನಾಲ್ಕು ಮಿಲಿಮೀಟರ್. ಬೆರಳು ನಿಂತೇ ಹೋಯಿತು. "ಹೊಡಿಯಮ್ಮ" ಅಂದರು. ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು ಅಂತಲೂ ಹೊಡೆದೆ. ಉಳಿದದ್ದನ್ನು ಒಂದೊಂದಾಗಿ ನೋಡಿ, ಕೊನೆಗೆ ಅದೇ ಪದ ಹೇಳಿದರು. ಎಫ್ ಫೋರ್ ಮುಟ್ಟಲಿಲ್ಲ. ಒಂದೊಂದೇ ಅಕ್ಷರ ಒತ್ತಿದೆ.

ರಿಪೋರ್ಟ್ ನಾನೇ ಹೊರಗೆ ತಗೊಂಡು ಹೋದೆ. ಟೈಲರಣ್ಣ ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕಾಗದ ಕೈಗೆ ಸಿಕ್ಕಿದ್ದೇ, ಬೆರಳು ಸರ್ರನೆ ಕೊನೆಯ ಸಾಲಿಗೆ ಹೋಯಿತು.
"ಸಿಕ್ತು ನೋಡಿ, ನಮ್ಮ ರೈಲು ಬೋಗಿ!"
ಮುಖದ ತುಂಬ ನಗು. ಅವನ ಬೆರಳು ಹಿಡಿದು ಮೇಲಿನ ಸಾಲಿಗೆ ತಂದೆ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು.
"ಅಣ್ಣಾ, ಮೊದ್ಲು ಇದನ್ನ ಓದ್ತೀನಿ. ಇದು ಆವಾಗ್ಲೂ ಇತ್ತು. ಬಿಟ್ಟಿದ್ದು ನಾನು."
ನಗು ಹಾಗೇ ಇತ್ತು, ಇನ್ನೂ ಅರ್ಥವಾಗಿರಲಿಲ್ಲ. "ಬಿಟ್ರೆ ಏನಂತೆ ಮೇಡಮ್ಮಾ, ಲೆಕ್ಕಕ್ಕಿಲ್ದೇ ಇರೋದು ತಾನೇ?"
ನಾನು ಅವನ ಬೆರಳು ಬಿಡಲಿಲ್ಲ. "ಇಲ್ಲ ಅಣ್ಣಾ" ಅಂದೆ, "ಇದು ಲೆಕ್ಕಕ್ಕಿರೋದು."